ಮೀಸಲು ಸೈನಿಕರ ಸೇವಾಗಾಯ ಮತ್ತು ಚಿಕಿತ್ಸೆ

ವರ್ಷದ ಹೆಚ್ಚಿನ ಕಾಲ ಹೊಲ, ಕಾರ್ಖಾನೆ, ಅಂಗಡಿ, ಕಚೇರಿಗಳಲ್ಲಿ ದುಡಿಯುತ್ತಿದ್ದು, ಕರೆ ಬಂದಾಗ ಸಮವಸ್ತ್ರ ತೊಡುವವರು ಮೀಸಲು ಸೈನಿಕರು. ಭಾರತದಲ್ಲಿ ಇಂಥ ಸೇವೆಯ ಮುಖ್ಯ ರೂಪ ಟೆರಿಟೋರಿಯಲ್ ಆರ್ಮಿ, ಅಂದರೆ ಪ್ರಾದೇಶಿಕ ಸೇನೆ. 1948ರ ಕಾಯ್ದೆಯಡಿ ಹುಟ್ಟಿದ ಈ ಪಡೆಯನ್ನು ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ 1949ರ ಅಕ್ಟೋಬರ್ 9ರಂದು ಉದ್ಘಾಟಿಸಿದರು. ಸ್ವಂತ ದುಡಿಮೆ ಇರುವ 18ರಿಂದ 42 ವರ್ಷದೊಳಗಿನವರು ಇದಕ್ಕೆ ಸೇರಬಹುದು. 1962, 1965 ಮತ್ತು 1971ರ ಯುದ್ಧಗಳಲ್ಲಿ ಇದರ ಘಟಕಗಳು ಕೆಲಸ ಮಾಡಿವೆ. ಕರ್ನಾಟಕದ ಮಟ್ಟಿಗೆ ಬೆಂಗಳೂರಿನಲ್ಲಿ ಪ್ಯಾರಾಶೂಟ್ ರೆಜಿಮೆಂಟಿಗೆ ಸೇರಿದ 106ನೇ ಬೆಟಾಲಿಯನ್, ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟಿನ 115ನೇ ಬೆಟಾಲಿಯನ್ ನೆಲೆಸಿವೆ. ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿ 2019ರಲ್ಲಿ ಕಾಶ್ಮೀರಕ್ಕೆ ಹೋಗಿ ಕಾವಲು ಕಾದದ್ದು ಈ 106ನೇ ಬೆಟಾಲಿಯನ್ನಿನ ಜೊತೆಯಲ್ಲೇ. ಟಿಎ ಎಂಬ ಎರಡಕ್ಷರ ಹಳ್ಳಿಯ ಹುಡುಗರ ಬಾಯಿಗೆ ಬಂದದ್ದರಲ್ಲಿ ಆ ಸುದ್ದಿಯ ಪಾಲೂ ಇದೆ. ತುಮಕೂರು, ಗುಬ್ಬಿ, ಕುಣಿಗಲ್ ಕಡೆಗೆ ಸೇನೆಯ ನಂಟು ಹೊಸದಲ್ಲ. ಕುಣಿಗಲ್ ಕುದುರೆ ಫಾರಂ ಟಿಪ್ಪುವಿನ ಕಾಲದಿಂದ ದಂಡಿಗೆ ಕುದುರೆ ಒದಗಿಸಿದ್ದು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ತೆರೆದಿದೆ. ಈ ಲೇಖನದ ವಿಷಯ ಮಾತ್ರ ಇವೆಲ್ಲಕ್ಕಿಂತ ಚಿಕ್ಕದು: ಇಂಥ ಊರಿನಿಂದ ಟಿಎಗೆ ಹೋದವನಿಗೆ ಅಲ್ಲಿ ಗಾಯವಾದರೆ ಚಿಕಿತ್ಸೆ ಎಲ್ಲಿ, ಯಾರ ಖರ್ಚಿನಲ್ಲಿ, ಎಷ್ಟು ಕಾಲ? ಪರಿಹಾರದ ಹಣದ ಬಗ್ಗೆ ನಮ್ಮ ಕಾನೂನು ಸಾಕಷ್ಟು ಉದಾರವಾಗಿದೆ. ಚಿಕಿತ್ಸೆಯನ್ನು ಆ ಹಣದ ತೀರ್ಮಾನಕ್ಕೇ ಕಟ್ಟಿಹಾಕಿರುವುದರಿಂದ ಆ ಔದಾರ್ಯ ಗಾಯಾಳುವಿಗೆ ತಲುಪುವಾಗ ತೀರಾ ತಡವಾಗಿರುತ್ತದೆ. ಈ ಗಂಟನ್ನು ಬಿಚ್ಚಬಹುದು, ಬಿಚ್ಚಬೇಕು ಎಂಬುದು ಇಲ್ಲಿನ ವಾದ.

ತೊಡಕು ಶುರುವಾಗುವುದು ಸೇವೆಯ ಸ್ವರೂಪದಿಂದಲೇ. ಕಾಯಂ ಸೈನಿಕ ಸೇರಿದ ದಿನದಿಂದ ಬಿಡುವ ದಿನದವರೆಗೆ ಸೈನಿಕನೇ. ರಜೆಯಲ್ಲಿದ್ದರೂ ಅವನ ಆರೋಗ್ಯದ ದಾಖಲೆ ಒಂದೇ ಕಡತದಲ್ಲಿ ಸಾಗುತ್ತದೆ. ಟಿಎ ಸೈನಿಕನ ಬದುಕು ತುಂಡುತುಂಡು. ಮೊದಲ ವರ್ಷ ಒಂದು ತಿಂಗಳ ಆರಂಭಿಕ ತರಬೇತಿ, ಆಮೇಲೆ ಪ್ರಾಂತೀಯ ಘಟಕಗಳಲ್ಲಿ ವರ್ಷಕ್ಕೆ ಎರಡು ತಿಂಗಳ ಶಿಬಿರ. ಪಡೆಗೆ ಅಗತ್ಯ ಬಿದ್ದರೆ ಎಂಬಾಡಿ ಮಾಡಿ, ಅಂದರೆ ಪೂರ್ಣಾವಧಿ ಸೇವೆಗೆ ಕರೆಸಿಕೊಂಡು, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ. ಕೆಲಸ ಮುಗಿದ ಮೇಲೆ ಡಿಸ್‌ಎಂಬಾಡಿ ಮಾಡಿ ಊರಿಗೆ ಕಳಿಸುತ್ತಾರೆ. ಕಾಯ್ದೆಯ 9ನೇ ಕಲಮಿನ ಪ್ರಕಾರ ಎಂಬಾಡಿ ಆಗಿರುವಾಗ, ಕರೆಯ ಮೇಲೆ ಬಂದಾಗ, ಕಾಯಂ ಸೇನೆಯ ಜೊತೆ ಸೇರಿಸಿದಾಗ ಆತ 1950ರ ಸೇನಾ ಕಾಯ್ದೆಗೆ ಒಳಪಟ್ಟವನು. ಉಳಿದ ಕಾಲ ಅವನು ನಾಗರಿಕ. ಬಿಟ್ಟುಬಂದ ನೌಕರಿಗೆ ಮತ್ತೆ ಸೇರಿಸಿಕೊಳ್ಳಬೇಕೆಂಬ ಕಟ್ಟಳೆ 7ಎ ಕಲಮಿನಲ್ಲಿದೆ. ಹೀಗೆ ಕೆಲಸಕ್ಕೆ ರಕ್ಷಣೆ ಕೊಟ್ಟ ಕಾಯ್ದೆ, ಗಾಯಗೊಂಡು ಹಿಂದಿರುಗುವ ದೇಹದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಇದು ಯಾವಾಗಲೋ ಒಮ್ಮೆ ಬರುವ ಪ್ರಶ್ನೆ ಎಂದು ತಳ್ಳಿಹಾಕುವಂತಿಲ್ಲ. 2025ರ ಮೇ 6ರಂದು ರಕ್ಷಣಾ ಸಚಿವಾಲಯ 1948ರ ಟಿಎ ನಿಯಮಗಳ 33ನೇ ನಿಯಮದಡಿ ಭೂಸೇನೆಯ ಮುಖ್ಯಸ್ಥರಿಗೆ ಟಿಎ ಅಧಿಕಾರಿಗಳನ್ನೂ ಸಿಬ್ಬಂದಿಯನ್ನೂ ಕರೆಸಿಕೊಳ್ಳುವ ಅಧಿಕಾರ ಕೊಟ್ಟಿತು. ಇರುವ 32 ಕಾಲಾಳು ಬೆಟಾಲಿಯನ್‌ಗಳಲ್ಲಿ 14ನ್ನು ಎಂಬಾಡಿ ಮಾಡಬಹುದೆಂದು ಹೇಳಿದ ಆ ಆದೇಶ 2028ರ ಫೆಬ್ರವರಿಯವರೆಗೆ ಜಾರಿಯಲ್ಲಿರುತ್ತದೆ.

ಶಿಬಿರದಲ್ಲಿದ್ದಾಗ ಆದ ಗಾಯಕ್ಕೆ ಆ ಕ್ಷಣದ ಚಿಕಿತ್ಸೆಯ ಕೊರತೆ ಇಲ್ಲ. ಘಟಕದ ತಪಾಸಣಾ ಕೊಠಡಿಯಾದ ಎಂಐ ರೂಮಿನಲ್ಲಿ ಡಾಕ್ಟರ್ ಇರುತ್ತಾರೆ, ಹೆಚ್ಚಾದರೆ ಮಿಲಿಟರಿ ಆಸ್ಪತ್ರೆ, ಇನ್ನೂ ಹೆಚ್ಚಾದರೆ ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆಯಂಥ ದೊಡ್ಡ ಜಾಗ. ಗುಂಡೇಟು, ಮುರಿದ ಮೂಳೆ, ತಲೆಗೆ ಬಿದ್ದ ಪೆಟ್ಟು ಇಂಥವು ಅಲ್ಲೇ ಕಾಣುತ್ತವೆ, ಅಲ್ಲೇ ಬರೆದಿಡಲ್ಪಡುತ್ತವೆ. ಕಷ್ಟ ಇರುವುದು ಅಲ್ಲಿ ಕಾಣದ ಗಾಯಗಳಲ್ಲಿ. ಮಂಡಿಯನ್ನೇ ತೆಗೆದುಕೊಳ್ಳಿ. ಅಡೆತಡೆ ಓಟದಲ್ಲಿ ಗೋಡೆಯಿಂದ ಹಾರಿದವನ ಕಾಲು ನೆಲಕ್ಕೂರಿ, ಮೈ ಮಾತ್ರ ಪಕ್ಕಕ್ಕೆ ತಿರುಗಿತು. ಒಳಗೆ ಪಟಕ್ಕೆಂದಂತಾಗಿ ಸಂಜೆಯೊಳಗೆ ಮಂಡಿ ಊದಿಕೊಂಡಿತು. ಮಂಜುಗಡ್ಡೆ, ಬ್ಯಾಂಡೇಜು, ನೋವಿನ ಮಾತ್ರೆ, ಕೆಲವು ದಿನ ಲಘು ಕೆಲಸ. ಎರಡು ವಾರದಲ್ಲಿ ಊತ ಇಳಿಯುತ್ತದೆ, ನಡೆಯಬಹುದು, ಶಿಬಿರವೂ ಮುಗಿಯುತ್ತದೆ. ಮಂಡಿಯೊಳಗಿನ ಅಡ್ಡನಾರು ಹರಿದಿರುವುದು ಗೊತ್ತಾಗುವುದು ಊರಿಗೆ ಬಂದು ತೆಂಗಿನ ಮರ ಹತ್ತಿದಾಗ, ಬದುವಿನ ಮೇಲೆ ಕಾಲಿಟ್ಟು ತಿರುಗಿದಾಗ, ಕಾರ್ಖಾನೆಯ ಪಾಳಿಯಲ್ಲಿ ಎಂಟು ಗಂಟೆ ನಿಂತಾಗ. ಮಂಡಿ ಒಮ್ಮೆಲೇ ಸೋಲುತ್ತದೆ. ಅದೇ ಸ್ಥಿತಿಯಲ್ಲಿ ವರ್ಷಗಟ್ಟಲೆ ಬಿಟ್ಟರೆ ಒಳಗಿನ ಮೆತ್ತೆ ಸವೆದು ಕೀಲುವಾತಕ್ಕೆ ದಾರಿಯಾಗುತ್ತದೆ. ಗುಂಡು ಹಾರಿಸುವ ಅಭ್ಯಾಸದಲ್ಲಿ ಕಿವಿಗೆ ಬಿದ್ದ ಪೆಟ್ಟು, ಬೆನ್ನಿಗೆ ಹೊತ್ತ ಭಾರದಿಂದ ಜರುಗಿದ ಡಿಸ್ಕ್, ಕಾವಲಿನಿಂದ ಬಂದ ಮೇಲೆ ನಿದ್ದೆಗೆಡಿಸುವ ಮನಸ್ಸಿನ ಬಾಧೆ ಇವೂ ಇದೇ ಜಾತಿಯವು. ಕಾಯಂ ಸೈನಿಕನಾಗಿದ್ದರೆ ಮೂರನೆಯ ತಿಂಗಳು ಅದೇ ಎಂಐ ರೂಮಿಗೆ ಹೋಗುತ್ತಿದ್ದ. ಟಿಎಯವನು ಅಷ್ಟು ಹೊತ್ತಿಗೆ ತುಮಕೂರು ಕಡೆಯ ಕೋರದಲ್ಲೋ ನಿಟ್ಟೂರಿನಲ್ಲೋ ಇರುತ್ತಾನೆ. ಅವನ ಮಂಡಿ ಸೇನೆಯ ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ.

ಹಾಗಾಗಿ ಮೊದಲ ದಿನದ ಕಾಗದವೇ ಮುಂದಿನದನ್ನೆಲ್ಲ ನಿರ್ಧರಿಸಿಬಿಡುತ್ತದೆ. ಯುದ್ಧದಲ್ಲಿ ಆದ ಗಾಯವನ್ನು ಬಿಟ್ಟು ಬೇರೆ ಯಾವ ಗಾಯವಾದರೂ, ಕರ್ತವ್ಯದಲ್ಲಿರಲಿ ಇಲ್ಲದಿರಲಿ, ಚಿಕಿತ್ಸೆ ಕೊಟ್ಟ ವೈದ್ಯಾಧಿಕಾರಿ ಐಎಎಫ್‌ವೈ-2006 ಎಂಬ ನಮೂನೆಯಲ್ಲಿ ಕಮಾಂಡಿಂಗ್ ಅಧಿಕಾರಿಗೆ ವರದಿ ಕಳಿಸಬೇಕೆಂದು ಸೇನೆಯ ವಿನಿಯಮಗಳ 520ನೇ ಪರಿಚ್ಛೇದ ಹೇಳುತ್ತದೆ. ಗಾಯ ಎಂಥದ್ದು, ಎಷ್ಟು ತೀವ್ರ, ಹೇಗಾಯಿತು, ಆಗ ಆತ ಡ್ಯೂಟಿಯಲ್ಲಿದ್ದನೇ, ತಪ್ಪು ಯಾರದ್ದು ಎಂಬುದನ್ನೆಲ್ಲ ಇದರ ಜಾಡಿನಲ್ಲೇ ಬರೆಯುತ್ತಾರೆ. ಅಗತ್ಯವಿದ್ದರೆ ಕೋರ್ಟ್ ಆಫ್ ಎಂಕ್ವೈರಿ, ಅಂದರೆ ಸೇನೆಯೊಳಗಿನ ವಿಚಾರಣಾ ಸಮಿತಿ, ಕೂರುತ್ತದೆ. ಇದು ಸರಿಯಾದ ಏರ್ಪಾಡು, ಆದರೆ ಕಾಣುವ ಗಾಯಕ್ಕೆ ಹೊಲಿದ ಅಂಗಿ. ಸಾಧಾರಣ ಉಳುಕು ಎಂದುಕೊಂಡು ಎರಡು ಮಾತ್ರೆ ಕೊಟ್ಟ ಡಾಕ್ಟರು ನಮೂನೆ ತುಂಬುವುದಿಲ್ಲ. ತುಂಬಿಸಿಕೊಡಿ ಎಂದು ಕೇಳುವುದು ಹೊಸ ಹುಡುಗನಿಗೆ ತೋಚುವುದೂ ಇಲ್ಲ. ಕುಂಟುತ್ತಾನೆಂದು ಹೆಸರಾದರೆ ಮುಂದಿನ ಸಲ ಎಂಬಾಡಿ ಪಟ್ಟಿಯಿಂದ ಹೆಸರು ಬಿದ್ದೀತೆಂಬ ಅಳುಕು ಬೇರೆ. ವರ್ಷಕ್ಕೆ ಎಷ್ಟು ದಿನ ಕರೆದರೋ ಅಷ್ಟೇ ಸಂಬಳ ಎನ್ನುವ ಕಡೆ ನೋವನ್ನು ಮುಚ್ಚಿಡುವುದರಲ್ಲಿ ಆಶ್ಚರ್ಯವೇನಿಲ್ಲ.

ಕಾಗದವಿದೆ ಎಂದಿಟ್ಟುಕೊಳ್ಳೋಣ. ಆಗ ಕಾನೂನು ಗಾಯಾಳುವಿನ ಕಡೆಗೇ ಬಾಗಿದೆ. ಸೇನೆಯ 1961ರ ಪಿಂಚಣಿ ವಿನಿಯಮಗಳಲ್ಲಿ 292ನೆಯದು, ಟಿಎ ಅಧ್ಯಾಯದಲ್ಲಿ ಬೇರೆ ಹೇಳಿಲ್ಲದ ಕಡೆಯೆಲ್ಲ ಟಿಎಯವರಿಗೆ ಕಾಯಂ ಸೈನಿಕರ ನಿಯಮಗಳೇ ಅನ್ವಯ ಎನ್ನುತ್ತದೆ. ಗಾಯ ಅಥವಾ ರೋಗ ಸೇವೆಯಿಂದ ಬಂದದ್ದೋ ಸೇವೆಯಿಂದ ಉಲ್ಬಣಿಸಿದ್ದೋ ಆಗಿರಬೇಕು, ವೈದ್ಯಕೀಯ ಮಂಡಳಿ ಅಂಗವೈಕಲ್ಯವನ್ನು ಶೇ 20 ಅಥವಾ ಹೆಚ್ಚು ಎಂದು ಅಳೆದಿರಬೇಕು ಎಂಬುದು ಅಂಗವೈಕಲ್ಯ ಪಿಂಚಣಿಯ ಷರತ್ತು. ಶೇ 100 ವೈಕಲ್ಯಕ್ಕೆ ಕೊನೆಯ ಸಂಬಳದ ಶೇ 30ರಷ್ಟು ವೈಕಲ್ಯಾಂಶ ಸಿಗುತ್ತದೆ, ಕಡಿಮೆಗೆ ಅದೇ ಪ್ರಮಾಣದಲ್ಲಿ ಕಡಿಮೆ. ಅಳತೆಯಲ್ಲಿ ಮಂಡಳಿ ಜಿಪುಣತನ ತೋರಬಾರದೆಂದು ಶೇ 50ಕ್ಕಿಂತ ಕಡಿಮೆ ಇದ್ದದ್ದನ್ನು 50ಕ್ಕೆ, 50ರಿಂದ 75ರವರೆಗಿನದನ್ನು 75ಕ್ಕೆ, ಅದಕ್ಕೂ ಮೇಲಿನದನ್ನು 100ಕ್ಕೆ ಏರಿಸುವ ಪದ್ಧತಿ ಇದೆ. ಸುಪ್ರೀಂ ಕೋರ್ಟಿನ 2014ರ ಡಿಸೆಂಬರ್ 10ರ ರಾಮ್ ಅವತಾರ್ ತೀರ್ಪು ಇದರ ವ್ಯಾಪ್ತಿಯನ್ನು ಹಿಗ್ಗಿಸಿತು. ಇವೆಲ್ಲಕ್ಕಿಂತ ಮುಖ್ಯವಾದದ್ದು ಸಾಬೀತಿನ ಹೊರೆ ಯಾರ ಮೇಲೆ ಎಂಬುದು. ಧರಮ್‌ವೀರ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈ 2ರಂದು ಇದಕ್ಕೆ ಉತ್ತರ ಕೊಟ್ಟಿತು. 1985ರಲ್ಲಿ ಸಿಗ್ನಲ್ಸ್ ದಳಕ್ಕೆ ಸೇರಿ 1994ರಲ್ಲಿ ಅಪಸ್ಮಾರದ ಕಾರಣಕ್ಕೆ ಹೊರಬಿದ್ದ ಸಿಪಾಯಿ ಅವರು. ಸೇರುವಾಗ ಯಾವ ರೋಗವನ್ನೂ ಬರೆದಿಡದಿದ್ದರೆ ಆಗ ಆತ ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು. ಆಮೇಲೆ ಬಂದದ್ದು ಸೇವೆಯಿಂದ ಬಂದಿದ್ದಲ್ಲ ಎನ್ನುವವರು ಅದನ್ನು ತಾವೇ ತೋರಿಸಬೇಕು. ಸಂಶಯದ ಲಾಭ ಸೈನಿಕನಿಗೇ ಸಲ್ಲಬೇಕು. 1982ರ ಅರ್ಹತಾ ನಿಯಮಗಳನ್ನು ಓದಿ ನ್ಯಾಯಾಲಯ ಹೇಳಿದ್ದು ಇಷ್ಟು. ಆ ನಿಯಮಗಳು ಆಮೇಲೆ 2008ರಲ್ಲೂ 2023ರಲ್ಲೂ ಬದಲಾಗಿವೆ. 2023ರ ಸೆಪ್ಟೆಂಬರ್ 21ರಿಂದ ಬಂದವು ವೈಕಲ್ಯಾಂಶಕ್ಕೆ ಹೊಸ ಹೆಸರನ್ನೇ ಇಟ್ಟು ಕಟ್ಟುಪಾಡುಗಳನ್ನು ಬಿಗಿಮಾಡಿವೆ. ಹಳೆಯ ಗಾಯಗಳ ಮೊಕದ್ದಮೆಗಳಲ್ಲಿ ಮಾತ್ರ ಧರಮ್‌ವೀರ್ ತತ್ವ ಈಗಲೂ ಮೊದಲು ಎತ್ತುವ ಆಯುಧ.

ಟಿಎಗೆ ನೇರವಾಗಿ ಸಂಬಂಧಿಸಿದ ದೊಡ್ಡ ತೀರ್ಪು ಪಾಣಿ ರಾಮ್ ಅವರದ್ದು. ಕಾಲಾಳು ಪಡೆಯಲ್ಲಿ ಸುಮಾರು 25 ವರ್ಷ ದುಡಿದು ನಿವೃತ್ತರಾದ ಅವರು 2007ರ ಆಗಸ್ಟ್ 1ರಂದು ಟಿಎಯ ಪರಿಸರ ಕಾರ್ಯಪಡೆಗೆ ಸೇರಿದರು. ಬೋಳುಗುಡ್ಡಗಳಲ್ಲಿ ಗಿಡ ನೆಟ್ಟು ಕಾಯುವ ಈ ಪಡೆಗಳು ಮುಖ್ಯವಾಗಿ ಮಾಜಿ ಸೈನಿಕರಿಂದ ಕಟ್ಟಿದವು. ಮೊದಲನೆಯದು 1982ರಲ್ಲಿ ಡೆಹ್ರಾಡೂನಿನಲ್ಲಿ ಶುರುವಾಯಿತು. 2009ರ ಏಪ್ರಿಲ್‌ನಲ್ಲಿ ಹತ್ತು ದಿನದ ರಜೆ ಸಿಕ್ಕಿ ಊರಿಗೆ ಹೋಗುವ ದಾರಿಯಲ್ಲಿ ಅಪಘಾತವಾಗಿ ಅವರ ಬಲಗಾಲನ್ನು ಮಂಡಿಯವರೆಗೆ ಕತ್ತರಿಸಬೇಕಾಯಿತು. ವೈಕಲ್ಯ ಶೇ 80 ಎಂದಾಯಿತು. ಇದು ಸೇವೆಗೆ ಸಂಬಂಧಿಸಿದ್ದೇ ಎಂದು ಕೋರ್ಟ್ ಆಫ್ ಎಂಕ್ವೈರಿ ಒಪ್ಪಿತು. 2012ರ ಜನವರಿ 1ರಂದು ಸೇವೆಯಿಂದ ಬಿಡುಗಡೆಯೂ ಆಯಿತು. ಪಿಂಚಣಿ ಕೇಳಿದಾಗ ಮಾತ್ರ, ಪರಿಸರ ಪಡೆ ಬೇರೆಯೇ ವರ್ಗ, ಹೆಚ್ಚುವರಿ ಪಿಂಚಣಿ ಕೇಳುವುದಿಲ್ಲವೆಂದು ಸೇರುವಾಗ ಬರೆದುಕೊಟ್ಟಿದ್ದೀರಿ ಎಂಬ ಉತ್ತರ ಬಂತು. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಲಖನೌ ಪೀಠವೂ ಅದನ್ನೇ ಎತ್ತಿಹಿಡಿಯಿತು. 2021ರ ಡಿಸೆಂಬರ್ 17ರಂದು ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಮತ್ತು ಬಿ.ಆರ್. ಗವಾಯಿ ಅವರ ಸುಪ್ರೀಂ ಕೋರ್ಟ್ ಪೀಠ ಆ ಆದೇಶವನ್ನು ತಳ್ಳಿಹಾಕಿತು. 292ನೇ ವಿನಿಯಮ ಇರುವಾಗ ಟಿಎಯೊಳಗೇ ಇನ್ನೊಂದು ಕೆಳವರ್ಗ ಹುಟ್ಟಿಸುವಂತಿಲ್ಲ. ನೌಕರಿ ಬೇಕಾದವನಿಗೂ ಸರ್ಕಾರಕ್ಕೂ ನಡುವೆ ಸಮಬಲವಿಲ್ಲದ ಕಡೆ ಬರೆಸಿಕೊಂಡ ಮುಚ್ಚಳಿಕೆಗೆ ಬೆಲೆಯಿಲ್ಲ. 1986ರ ಬ್ರಜೋನಾಥ್ ಗಂಗೂಲಿ ತೀರ್ಪಿನ ಆಧಾರದ ಮೇಲೆ ನ್ಯಾಯಾಲಯ ಹೀಗೆ ಹೇಳಿತು. ಒಳ್ಳೆಯ ತೀರ್ಪೇ. ಆದರೆ ಕಾಲು ಹೋದದ್ದಕ್ಕೂ ಹಕ್ಕು ಸಿಕ್ಕಿದ್ದಕ್ಕೂ ನಡುವೆ ಹನ್ನೆರಡು ವರ್ಷ ಎಂಟು ತಿಂಗಳು ಕಳೆದಿತ್ತು. ಕೈಯಲ್ಲಿ ಎಂಕ್ವೈರಿಯ ಒಪ್ಪಿಗೆ ಇದ್ದವರಿಗೇ ಇಷ್ಟು ಕಾಲ ಹಿಡಿದರೆ, ನಮೂನೆಯೇ ತುಂಬದ ಮಂಡಿಗೆ ಎಷ್ಟು ಹಿಡಿದೀತು? ಇನ್ನೊಂದು ಸಂಗತಿಯನ್ನು ಈ ತೀರ್ಪಿನ ಚರ್ಚೆಯಲ್ಲಿ ಸಾಮಾನ್ಯವಾಗಿ ಯಾರೂ ಎತ್ತುವುದಿಲ್ಲ. ಮೊದಲಿನ 25 ವರ್ಷದ ಸೇವೆಯ ಬಲದಿಂದ ಅವರು ಆಗಲೇ ಪಿಂಚಣಿದಾರರು. ಮೊಕದ್ದಮೆ ಗೆದ್ದರೂ ಸೋತರೂ ಮಾಜಿ ಸೈನಿಕರ ಆಸ್ಪತ್ರೆಯ ಬಾಗಿಲು ಅವರಿಗೆ ತೆರೆದಿತ್ತು. ಊರಿನಿಂದ ನೇರವಾಗಿ ಟಿಎಗೆ ಸೇರಿದವನಿಗೆ ಆ ಹಿಂದಿನ ಆಸರೆ ಇಲ್ಲ.

ಗಂಟು ಬಿದ್ದಿರುವುದು ಇಲ್ಲಿಯೇ. ಸೇವೆ ಬಿಟ್ಟವರ ಚಿಕಿತ್ಸೆಗೆಂದು 2003ರ ಏಪ್ರಿಲ್ 1ರಿಂದ ಇಸಿಎಚ್‌ಎಸ್ ಎಂಬ ಯೋಜನೆ ಇದೆ. ತುಮಕೂರಿನಲ್ಲೂ ಅದರ ಪಾಲಿಕ್ಲಿನಿಕ್ ಇದೆ, ದೊಡ್ಡ ಕಾಯಿಲೆಗೆ ಪಟ್ಟಿಯಲ್ಲಿರುವ ಆಸ್ಪತ್ರೆಗಳಿಗೆ ಬರೆದುಕೊಡುತ್ತಾರೆ. ಆದರೆ ಆ ಕಾರ್ಡು ಸಿಗಬೇಕಾದರೆ ಮಾಜಿ ಸೈನಿಕನಾಗಿರಬೇಕು, ಪಿಂಚಣಿಯೂ ಇರಬೇಕು. ಟಿಎಯವರಲ್ಲಿ ಮೂರೇ ಬಗೆಯವರನ್ನು ಸರ್ಕಾರ ಮಾಜಿ ಸೈನಿಕರೆಂದು ಎಣಿಸುತ್ತದೆ: ಎಂಬಾಡಿ ಸೇವೆಯ ಪಿಂಚಣಿ ಪಡೆದವರು, ಸೇವೆಯಿಂದಲೇ ವೈಕಲ್ಯ ಬಂದದ್ದೆಂದು ತೀರ್ಮಾನವಾದವರು, ಶೌರ್ಯ ಪ್ರಶಸ್ತಿ ಪಡೆದವರು. ಪಿಂಚಣಿಗೆ ಜವಾನರಿಗೆ 15 ವರ್ಷ, ಅಧಿಕಾರಿಗಳಿಗೆ 20 ವರ್ಷ ಎಂಬಾಡಿ ಸೇವೆ ಬೇಕು. ವರ್ಷಕ್ಕೆ ಎರಡು ತಿಂಗಳ ಲೆಕ್ಕದಲ್ಲಿ ದುಡಿದವನು ಆ ಮೆಟ್ಟಿಲು ಮುಟ್ಟುವುದು ಕನಸಿನ ಮಾತು. ಉಳಿದದ್ದು ವೈಕಲ್ಯದ ತೀರ್ಮಾನ ಒಂದೇ. ಮಂಡಳಿ ಒಪ್ಪಿ, ಪ್ರಯಾಗರಾಜದ ಪಿಂಚಣಿ ಕಚೇರಿಯಲ್ಲಿ ಮಂಜೂರಾದರೆ ಗಾಯಾಳು ಸೈನಿಕನಾಗಿಯೇ ಉಳಿಯುತ್ತಾನೆ, ಜೀವಮಾನವಿಡೀ ಚಿಕಿತ್ಸೆ ಸಿಗುತ್ತದೆ. ಒಪ್ಪದಿದ್ದರೆ ಅವನು ಎಂದೂ ಸೈನಿಕನಾಗಿರಲೇ ಇಲ್ಲವೇನೋ ಎಂಬಂತೆ ಬಾಗಿಲು ಮುಚ್ಚುತ್ತದೆ. ಹಣದ ಪ್ರಶ್ನೆ ವರ್ಷಗಟ್ಟಲೆ ಕಾಯಬಹುದು, ಗೆದ್ದ ದಿನ ಬಾಕಿ ಸಮೇತ ಸಿಗುತ್ತದೆ. ಹರಿದ ನಾರು ಕಾಯುವುದಿಲ್ಲ. ಮೊದಲ ವರ್ಷದಲ್ಲೇ ಶಸ್ತ್ರಚಿಕಿತ್ಸೆ ಮತ್ತು ವ್ಯಾಯಾಮದಿಂದ ಸರಿಹೋಗಬಹುದಾಗಿದ್ದದ್ದು ಎಂಟನೆಯ ವರ್ಷದಲ್ಲಿ ಕೃತಕ ಕೀಲಿನ ಮಾತಾಗಿರುತ್ತದೆ.

ನಾಗರಿಕ ವ್ಯವಸ್ಥೆ ಇದೆಯಲ್ಲ, ಅಲ್ಲಿ ತೋರಿಸಿಕೊಳ್ಳಲಿ ಎಂಬುದು ಮೊದಲ ಆಕ್ಷೇಪ. ಇದನ್ನು ಹಗುರವಾಗಿ ನೋಡುವಂತಿಲ್ಲ, ಏಕೆಂದರೆ ಬಹುಪಾಲು ಗಾಯಾಳುಗಳು ಮಾಡುವುದೇ ಅದನ್ನು. ಕೋರ ಹೋಬಳಿಯ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ತಿಂಗಳಿಗೆ 21,000 ರೂಪಾಯಿಯೊಳಗೆ ಸಂಬಳ ಇರುವ ಕಾರ್ಮಿಕನಿಗೆ ಇಎಸ್‌ಐ ಉಂಟು. ಅಲ್ಲಿ ಚಿಕಿತ್ಸೆ ಕೊಡುವಾಗ ಗಾಯ ಹೇಗಾಯಿತೆಂದು ಜಗಳ ತೆಗೆಯುವುದಿಲ್ಲ. ಆದರೆ ಕೂಲಿ ನಷ್ಟದ ಲೆಕ್ಕಕ್ಕೆ ಬಂದಾಗ ಅದು ಕಾರ್ಖಾನೆಯ ಕೆಲಸದಲ್ಲಿ ಆದ ಗಾಯವಲ್ಲ. ಆದ್ದರಿಂದ ಶೇ 90ರ ಪರಿಹಾರ ಇಲ್ಲ, ಸಾಮಾನ್ಯ ಕಾಯಿಲೆಯ ಶೇ 70 ಮಾತ್ರ, ಅದೂ ವರ್ಷಕ್ಕೆ 91 ದಿನ. ಅದಕ್ಕೂ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನ ವಂತಿಗೆ ಬಿದ್ದಿರಬೇಕು. ಎರಡು ತಿಂಗಳ ಶಿಬಿರಕ್ಕೆ ಹೋಗಿಬಂದವನಿಗೆ ಅದು ಹೇಗೋ ತುಂಬೀತು. ಇಡೀ ಅವಧಿ ಎಂಬಾಡಿ ಆಗಿದ್ದು ಕುಂಟುತ್ತಾ ಬಂದವನಿಗೆ ಒಂದು ದಿನವೂ ಬಿದ್ದಿರುವುದಿಲ್ಲ. ದೇಶದ ಕೆಲಸಕ್ಕೆ ಹೋದದ್ದರಿಂದಲೇ ದುಡಿಮೆಗಾರನ ಹಕ್ಕು ತಪ್ಪುತ್ತದೆ! ತೋಟ ತುಡಿಕೆಯವರಿಗೆ ಇಎಸ್‌ಐ ಇಲ್ಲ. ಅವರಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಉಂಟು. ಬಿಪಿಎಲ್ ಕಾರ್ಡಿದ್ದರೆ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದರೆ ಪ್ಯಾಕೇಜು ದರದ ಶೇ 30 ಮಾತ್ರ, 1.5 ಲಕ್ಷದ ಮಿತಿಯೊಳಗೆ. ಅಂದರೆ ಸೇನೆಯ ಶಿಬಿರದಲ್ಲಿ ಬಿದ್ದ ಪೆಟ್ಟಿನ ಖರ್ಚು ರೇಷನ್ ಕಾರ್ಡಿನ ಬಣ್ಣದ ಮೇಲೆ ನಿಂತಿರುತ್ತದೆ. ಬ್ರಿಟನ್ನಿನ ಹೋಲಿಕೆ ಇಲ್ಲಿ ಉಪಯುಕ್ತ. ಅಲ್ಲಿನ 2005ರ ಪರಿಹಾರ ಯೋಜನೆ ಮೀಸಲು ಸೈನಿಕರನ್ನೂ ಒಳಗೊಂಡಿದೆ. ಆದರೆ ಸಾಬೀತಿನ ಹೊರೆಯನ್ನು ಗಾಯಾಳುವಿನ ಮೇಲೇ ಹೊರಿಸುತ್ತದೆ. ಆ ಮಟ್ಟಿಗೆ ನಮ್ಮ ಧರಮ್‌ವೀರ್ ತತ್ವ ಅದಕ್ಕಿಂತ ಮೃದು. ಆದರೂ ಅಲ್ಲಿ ಅರ್ಜಿ ಸೋತವನು ಚಿಕಿತ್ಸೆ ಕಳೆದುಕೊಳ್ಳುವುದಿಲ್ಲ, ರಾಷ್ಟ್ರೀಯ ಆರೋಗ್ಯ ಸೇವೆ ಎಲ್ಲರಿಗೂ ಇದ್ದೇ ಇದೆ. ಅಮೆರಿಕದಲ್ಲಿ ಮೀಸಲು ಸೈನಿಕನ ಗಾಯ ಕರ್ತವ್ಯದ ಅವಧಿಯದ್ದೇ ಎಂಬ ಲಿಖಿತ ನಿರ್ಣಯದ ಮೇಲೆ ಚಿಕಿತ್ಸೆ ನಿಂತಿರುವುದರಿಂದ ಅಲ್ಲಿನ ಗೋಳು ನಮ್ಮದಕ್ಕೆ ಹತ್ತಿರ. ಒಂದು ದೇಶದ ಸಾಮಾನ್ಯ ಆರೋಗ್ಯ ವ್ಯವಸ್ಥೆ ಎಷ್ಟು ತೆಳುವೋ ಸೇವಾಗಾಯದ ಕಾಗದ ಅಷ್ಟು ಭಾರ.

ಎರಡನೆಯ ಆಕ್ಷೇಪ ಸುಳ್ಳು ಹಕ್ಕುಗಳದ್ದು. ಹತ್ತು ತಿಂಗಳು ಊರಿನಲ್ಲಿರುವವನು ಕಬಡ್ಡಿಯಲ್ಲಿ ಮುರಿದುಕೊಂಡ ಕಾಲನ್ನು ಶಿಬಿರದ ಲೆಕ್ಕಕ್ಕೆ ಬರೆಸಿದರೆ ತಡೆಯುವುದು ಹೇಗೆ? ಅಂಗವೈಕಲ್ಯ ಪಿಂಚಣಿಯ ಬಗ್ಗೆ ಸಂಶಯ ಈಗ ಸರ್ಕಾರಿ ವಲಯದಲ್ಲಿ ದಟ್ಟವಾಗಿಯೇ ಇದೆ. ಜವಾನರಿಗಿಂತ ಅಧಿಕಾರಿಗಳಿಗೇ ಹೆಚ್ಚಿನ ಪ್ರಮಾಣದಲ್ಲಿ ಅದು ಸಿಗುತ್ತಿರುವುದನ್ನು, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಂಥ ಜೀವನಶೈಲಿಯ ರೋಗಗಳ ಪಾಲನ್ನು ಸಿಎಜಿ 2023ರ ವರದಿಯಲ್ಲಿ ಎತ್ತಿ ತೋರಿಸಿತ್ತು. ಈ ಆತಂಕಕ್ಕೆ ಆಧಾರ ಇಲ್ಲವೆನ್ನಲಾಗದು. ಅದು ಹುಟ್ಟಿದ್ದು ಮಾತ್ರ ಹಣದ ಆಸೆಯಿಂದ, ಹೆಚ್ಚಿನ ಪಿಂಚಣಿಗೆ ತೆರಿಗೆ ವಿನಾಯಿತಿಯೂ ಸೇರಿದ್ದರಿಂದ. ಚಿಕಿತ್ಸೆಯನ್ನು ಹಣದಿಂದ ಬೇರ್ಪಡಿಸಿದರೆ ಆಸೆಗೆ ಜಾಗ ಕಡಿಮೆಯಾಗುತ್ತದೆ. ಬೇಡದ ಮಂಡಿ ಶಸ್ತ್ರಚಿಕಿತ್ಸೆಗೆ ಯಾರೂ ಸುಳ್ಳು ಹೇಳಿ ಮಲಗುವುದಿಲ್ಲ. ಕಬಡ್ಡಿಯ ಪ್ರಶ್ನೆಗೆ ಉತ್ತರ ಧರಮ್‌ವೀರ್ ತೀರ್ಪಿನೊಳಗೇ ಇದೆ. ಸೇರುವಾಗಿನ ತಪಾಸಣೆಯ ಮೇಲೆ ಆರೋಗ್ಯದ ಊಹೆ ನಿಂತಿರುವುದಾದರೆ, ಟಿಎಯವನ ಪ್ರತಿಯೊಂದು ಕರೆಯೂ ಒಂದು ಹೊಸ ಸೇರ್ಪಡೆ. ಬಂದ ದಿನ ಒಮ್ಮೆ, ಬಿಡುವ ದಿನ ಒಮ್ಮೆ ಕೀಲು, ಬೆನ್ನು, ಕಿವಿ, ಮನಸ್ಸುಗಳನ್ನು ತಪಾಸಿಸಿ ಎರಡೂ ಕಡೆಯವರು ಸಹಿ ಹಾಕಿದರೆ ನಡುವೆ ಆದದ್ದು ಶಿಬಿರದ್ದು, ಹೊರಗೆ ಆದದ್ದು ಊರಿನದ್ದು. ಬಿಡುವ ದಿನ ತೋರದೆ ಆಮೇಲೆ ತಲೆಯೆತ್ತುವ ನೋವಿಗಾಗಿ, ಶಿಬಿರ ಮುಗಿದ ಮೇಲೂ ಕೆಲವು ತಿಂಗಳು ಮಿಲಿಟರಿ ಆಸ್ಪತ್ರೆಯಲ್ಲೋ ಪಾಲಿಕ್ಲಿನಿಕ್ಕಿನಲ್ಲೋ ತೋರಿಸಿಕೊಳ್ಳುವ ಹಕ್ಕು ಕೊಟ್ಟರೆ ಸಾಕು. ಇದು ಸೈನಿಕನನ್ನು ಕಾಯುವಷ್ಟೇ ಖಜಾನೆಯನ್ನೂ ಕಾಯುತ್ತದೆ.

ಮೂರನೆಯ ಮಾತು, ಇವರು ಸ್ವಂತ ಇಚ್ಛೆಯಿಂದ ಬಂದವರು, ಷರತ್ತು ತಿಳಿದೇ ಸೇರಿದವರು ಎಂಬುದು. 2024ರ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ಟಿಎ ಭರ್ತಿ ನಡೆದಾಗ ಸಾವಿರಾರು ಯುವಕರು ರಸ್ತೆಬದಿಯಲ್ಲಿ ರಾತ್ರಿ ಕಳೆದು ಸಾಲು ನಿಂತಿದ್ದರು. ಆ ಸಾಲನ್ನು ನೋಡಿದವರಿಗೆ ಇಚ್ಛೆ ಮತ್ತು ಷರತ್ತಿನ ಬಗ್ಗೆ ಪಾಣಿ ರಾಮ್ ತೀರ್ಪು ಹೇಳಿದ್ದು ಬೇರೆ ವಿವರಣೆ ಬೇಡದಷ್ಟು ಸ್ಪಷ್ಟ. ಇದನ್ನು ಇನ್ನಷ್ಟು ಬೆಳೆಸಬೇಕಿಲ್ಲ.

ಚಿಕಿತ್ಸೆಯನ್ನು ಪಿಂಚಣಿಯಿಂದ ಬಿಡಿಸಲಾಗದು, ಬಿಡಿಸಿದರೆ ಇಡೀ ಕಟ್ಟಡ ಸಡಿಲವಾದೀತು ಎನ್ನುವವರಿಗೆ 2025ರ ಒಂದು ಬೆಳವಣಿಗೆ ಉತ್ತರ ಕೊಡುತ್ತದೆ. ಸೇನಾ ಅಕಾಡೆಮಿಗಳಲ್ಲಿ ತರಬೇತಿಯ ಹೊತ್ತಿಗೆ ಗಾಯಗೊಂಡು ಹೊರಬಿದ್ದ ಕೆಡೆಟ್‌ಗಳು ಅಧಿಕಾರಿಗಳಾಗಿರಲಿಲ್ಲ, ಆದ್ದರಿಂದ ಮಾಜಿ ಸೈನಿಕರೂ ಅಲ್ಲ. ಬೆನ್ನುಹುರಿಗೆ ಪೆಟ್ಟು ಬಿದ್ದು ಹಾಸಿಗೆ ಹಿಡಿದವರಿಗೂ ಸಿಗುತ್ತಿದ್ದದ್ದು ಮಾಸಿಕ ಅನುಗ್ರಹ ಧನ ಮಾತ್ರ. ಆ ವರ್ಷದ ಆಗಸ್ಟ್‌ನಲ್ಲಿ ಪತ್ರಿಕಾ ವರದಿಯ ಮೇಲೆ ಸುಪ್ರೀಂ ಕೋರ್ಟ್ ತಾನಾಗಿಯೇ ಮೊಕದ್ದಮೆ ದಾಖಲಿಸಿಕೊಂಡಿತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಆ ಪೀಠದಲ್ಲಿದ್ದರು. ತಿಂಗಳು ಮುಗಿಯುವುದರೊಳಗೆ ರಕ್ಷಣಾ ಸಚಿವಾಲಯ ಆ ಕೆಡೆಟ್‌ಗಳಿಗೆ ಇಸಿಎಚ್‌ಎಸ್ ಸೌಲಭ್ಯ ಒಪ್ಪಿತು. ಮಾಜಿ ಸೈನಿಕನೆಂಬ ಪಟ್ಟ ಇಲ್ಲದೆ, ಪಿಂಚಣಿಯ ತಕರಾರು ಮುಗಿಯುವ ಮುಂಚೆಯೇ ಚಿಕಿತ್ಸೆ ಕೊಡಬಹುದೆಂದು ಸರ್ಕಾರವೇ ಹಾಗೆ ತೋರಿಸಿಕೊಟ್ಟಿತು. ಟಿಎಯ ಗಾಯಾಳುವಿಗೆ ಇದೇ ದಾರಿ ತೆರೆಯಲು ಹೊಸ ಕಾಯ್ದೆ ಬೇಕಿಲ್ಲ. ನಾಲ್ಕು ವರ್ಷಕ್ಕೆಂದು ಸೇನೆಗೆ ಸೇರುವ ಅಗ್ನಿವೀರರ ವಿಚಾರದಲ್ಲಿ ಈ ಪ್ರಶ್ನೆ ಇನ್ನೂ ದೊಡ್ಡದಾಗಲಿದೆ. ಸೇವೆಯಿಂದಾದ ವೈಕಲ್ಯಕ್ಕೆ ಅವರಿಗೆ ಶೇ 100, 75, 50ರ ಪ್ರಮಾಣದಲ್ಲಿ 44, 25, 15 ಲಕ್ಷ ರೂಪಾಯಿ ಒಂದೇ ಸಲ ಸಿಗುತ್ತದೆ. ನಾಲ್ಕು ವರ್ಷದ ನಂತರ ಹೊರಬಿದ್ದವರಿಗೆ ಮಾಜಿ ಸೈನಿಕನ ಸ್ಥಾನವೂ ಇಸಿಎಚ್‌ಎಸ್ಸೂ ಇಲ್ಲ. 2022ರ ಕೊನೆಯಲ್ಲಿ ತರಬೇತಿಗೆ ಸೇರಿದ ಮೊದಲ ತಂಡದ ನಾಲ್ಕು ವರ್ಷ 2026ರ ಕೊನೆಗೆ ತುಂಬುತ್ತದೆ.

ಈಗಿರುವ ಕಟ್ಟಳೆಯಲ್ಲಿ ಗಾಯಾಳುವಿಗೆ ಉಳಿದಿರುವ ದಾರಿ ಉದ್ದ. ಮಂಡಳಿ ಒಪ್ಪದಿದ್ದರೆ ಮೊದಲ ಮೇಲ್ಮನವಿ, ಎರಡನೆಯ ಮೇಲ್ಮನವಿ. ಆಮೇಲೆ 2007ರ ಕಾಯ್ದೆಯ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಅದರ ಕೊಚ್ಚಿ ಪೀಠದ ವ್ಯಾಪ್ತಿಗೆ ಸೇರಿದೆ. ಕೊನೆಯ ಆದೇಶ ಬಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ತಡವಾದರೂ ಹಕ್ಕು ಪೂರ್ತಿ ಸಾಯುವುದಿಲ್ಲ. ಪಿಂಚಣಿ ತಪ್ಪಿಸುವುದು ತಿಂಗಳು ತಿಂಗಳೂ ನಡೆಯುವ ಅನ್ಯಾಯ ಎಂದು 2008ರ ತರ್ಸೇಮ್ ಸಿಂಗ್ ತೀರ್ಪು ಒಪ್ಪಿದೆ, ಬಾಕಿಯನ್ನು ಮಾತ್ರ ಅರ್ಜಿಗೆ ಹಿಂದಿನ ಮೂರು ವರ್ಷಕ್ಕೆ ಕತ್ತರಿಸುತ್ತದೆ. ನ್ಯಾಯಮಂಡಳಿಯ ಆದೇಶದ ಮೇಲೆ ಹೈಕೋರ್ಟಿಗೆ ರಿಟ್ ಹಾಕಬಹುದೆಂದು 2023ರ ಮಾರ್ಚ್ 21ರ ಪರಶೋತ್ತಮ್ ದಾಸ್ ತೀರ್ಪಿನಿಂದ ಖಚಿತವಾದ ಮೇಲೆ ತುಮಕೂರಿನವರಿಗೆ ಬೆಂಗಳೂರಿನ ಬಾಗಿಲೂ ತೆರೆದಿದೆ. ಗೆದ್ದವನಿಗೆ ಮೂರು ವರ್ಷದ ಬಾಕಿ, ಮುಂದಿನ ಪಿಂಚಣಿ, ಇಸಿಎಚ್‌ಎಸ್ ಕಾರ್ಡು ಎಲ್ಲ ಬರುತ್ತವೆ. ಅದಕ್ಕೂ ಮುಂಚೆ ಖಾಸಗಿ ಆಸ್ಪತ್ರೆಯಲ್ಲಿ ಸಾಲ ಮಾಡಿ ಮಾಡಿಸಿಕೊಂಡ ಶಸ್ತ್ರಚಿಕಿತ್ಸೆಯ ಬಿಲ್ಲು ಆ ಲೆಕ್ಕದ ಯಾವ ಕಲಮಿನಲ್ಲೂ ಬರುವುದಿಲ್ಲ.